ವಾಲ್ವ್ ರೇಡಿಯೋ: ಆಫ್ ಮಾಡಬೇಕೋ, ಆನ್ ಇಟ್ಟೇ ಬಿಡಬೇಕೋ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಜ್ಜನ ಕಾಲದ ಫಿಲಿಪ್ಸ್ ವಾಲ್ವ್ ರೇಡಿಯೋ ಇದೆ, ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿಂದ ಓಡುವಂಥದ್ದು. ಅದರಲ್ಲಿ ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಝಡ್80, ಜೊತೆಗೆ ಸ್ಟೇಷನ್ ಸರಿಯಾಗಿ ಸಿಕ್ಕಿದ್ದನ್ನು ತೋರಿಸುವ ಹಸಿರು ಕಣ್ಣಿನ ಇಎಂ80 ಅನ್ನುವ ವಾಲ್ವ್‌ಗಳಿವೆ. ರಿಪೇರಿ ಮಾಡಿಸಿ ಈಗ ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಕೇಳುತ್ತೇನೆ. ಹ್ಯಾಮ್ (ಹವ್ಯಾಸಿ ರೇಡಿಯೋ) ಹವ್ಯಾಸದ ಗೆಳೆಯರೊಬ್ಬರಿಂದ ಯುದ್ಧಕಾಲದ ಎಆರ್88 ರಿಸೀವರ್ ಕೂಡ ಬಂದಿದೆ. ಅವರ ಪ್ರಕಾರ ವಾಲ್ವ್ ಸೆಟ್ಟನ್ನು ಪದೇ ಪದೇ ಆಫ್ ಮಾಡಬಾರದು. ಬಲ್ಬ್ ಸುಡುವುದು ಸ್ವಿಚ್ ಹಾಕಿದಾಗಲೇ ಅಲ್ವಾ, ಸುಮ್ನೆ ಆನ್ ಇಟ್ಟುಬಿಡಿ ಅನ್ನುತ್ತಾರೆ. ಮಳೆಗಾಲದಲ್ಲಿ ಸೆಟ್ ಬೆಚ್ಚಗಿದ್ದರೆ ಒಳ್ಳೆಯದು ಅಂತಲೂ ಕೇಳಿದ್ದೇನೆ. ಮನೆಯವರಿಗೆ ಕರೆಂಟ್ ಬಿಲ್ ಚಿಂತೆ. ಏನು ಮಾಡಲಿ?

ಉತ್ತರ: ಕೇಳಿ ಮುಗಿದ ಮೇಲೆ ಆಫ್ ಮಾಡಿ. ಒಂದೆರಡು ಗಂಟೆಯೊಳಗೆ ಮತ್ತೆ ಕೇಳುವುದಿದ್ದು, ಮನೆಯಲ್ಲಿ ಎಚ್ಚರವಿರುವವರು ಇದ್ದರೆ ಮಾತ್ರ ಆನ್ ಇರಲಿ. ರಾತ್ರಿ ಇಡೀ ಬೇಡ. ಮನೆಗೆ ಬೀಗ ಹಾಕಿ ಹೋಗುವಾಗಲಂತೂ ಬೇಡವೇ ಬೇಡ. ನಿಮ್ಮ ಎರಡೂ ಸೆಟ್ಟಿಗೆ ಇದೇ ಉತ್ತರ.

ಹಾಗಂತ ನಿಮ್ಮ ಗೆಳೆಯರ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಗಟ್ಟಿಯಾದ ಇತಿಹಾಸವೇ ಇದೆ. ಆ ಇತಿಹಾಸ ನಿಮ್ಮ ಮನೆಯ ಆರು ವಾಲ್ವಿನ ಸೆಟ್ಟಿಗೆ ಯಾಕೆ ಹೊಂದುವುದಿಲ್ಲ ಅನ್ನುವುದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಎರಡನೇ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಅಂಚೆ ಇಲಾಖೆಯ ಡಾಲಿಸ್ ಹಿಲ್ ಸಂಶೋಧನಾ ಕೇಂದ್ರದಲ್ಲಿ ಟಾಮಿ ಫ್ಲವರ್ಸ್ ಎಂಬ ಎಂಜಿನಿಯರ್ ಇದ್ದರು. ಜರ್ಮನ್ನರ ಗುಪ್ತ ಸಂದೇಶ ಒಡೆಯಲು ಅವರು ಕೊಲಾಸಸ್ ಯಂತ್ರ ಕಟ್ಟಲು ಹೊರಟಾಗ ಬಹಳ ಜನ ನಂಬಲಿಲ್ಲ. ಸಾವಿರಕ್ಕೂ ಹೆಚ್ಚು ವಾಲ್ವ್ ಒಟ್ಟಿಗೆ ಕೆಡದೆ ಓಡುವುದು ಸಾಧ್ಯವೇ ಇಲ್ಲ ಅನ್ನುವುದು ಆಗಿನ ಸಾಮಾನ್ಯ ಅಭಿಪ್ರಾಯ. ಫ್ಲವರ್ಸ್ ಅವರಿಗೆ ಮಾತ್ರ ಟೆಲಿಫೋನ್ ಉಪಕರಣಗಳ ಕೆಲಸದಿಂದ ಒಂದು ವಿಷಯ ಗೊತ್ತಿತ್ತು. ವಾಲ್ವ್ ಕೆಡುವುದು ಹೆಚ್ಚಾಗಿ ಆನ್-ಆಫ್ ಮಾಡುವಾಗ. ಆನ್ ಮಾಡಿ ಹಾಗೇ ಬಿಟ್ಟರೆ ಅವು ತುಂಬಾ ನಂಬಿಕಸ್ತ. ಸುಮಾರು 1,600 ವಾಲ್ವಿನ ಮೊದಲ ಕೊಲಾಸಸ್ 1944ರ ಆರಂಭದಲ್ಲಿ ಗುಪ್ತ ಸಂದೇಶ ಒಡೆಯುವ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸ ಶುರು ಮಾಡಿತು. ಅದನ್ನು ಆನ್ ಇಟ್ಟೇ ನಡೆಸಿದರು.

ಅಮೆರಿಕದ ಎನಿಯಾಕ್ ಕಂಪ್ಯೂಟರಿನದೂ ಅದೇ ಕಥೆ. ಅದರಲ್ಲಿ ಸುಮಾರು 18,000 ವಾಲ್ವ್ ಇದ್ದವು. ಬಿಸಿಯಾಗುವ ಹೊತ್ತಿನಲ್ಲಿ, ತಣ್ಣಗಾಗುವ ಹೊತ್ತಿನಲ್ಲಿ ಅವು ಜಾಸ್ತಿ ಕೆಡುತ್ತಿದ್ದವು. ಹಾಗಾಗಿ ಆಫ್ ಮಾಡುವುದನ್ನೇ ಬಿಟ್ಟರು. 1956ರಲ್ಲಿ ಸ್ಕಾಟ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಟ್ಯಾಟ್-1 ಟೆಲಿಫೋನ್ ಕೇಬಲ್ ಹಾಕಿದರು. ದಾರಿಯುದ್ದಕ್ಕೂ ಧ್ವನಿಯನ್ನು ಮತ್ತೆ ಬಲಪಡಿಸುವ ಅದರ ರಿಪೀಟರ್‌ಗಳಲ್ಲಿ ಒಟ್ಟು 306 ವಾಲ್ವ್ ಇದ್ದವು. 1978ರವರೆಗೆ, ಅಂದರೆ 22 ವರ್ಷ ಸತತವಾಗಿ ಉರಿದೂ ಅವುಗಳಲ್ಲಿ ಒಂದೂ ಕೆಡಲಿಲ್ಲ. ಎಲೆಕ್ಟ್ರಾನಿಕ್ಸ್ ಚರಿತ್ರೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವ ಕೆಲಸಗಳಲ್ಲಿ ಇದೂ ಒಂದು.

ಇಷ್ಟು ಕೇಳಿದರೆ ಆನ್ ಇಡುವುದೇ ಸರಿ ಅನ್ನಿಸುತ್ತದೆ. ಆದರೆ ಸಂಖ್ಯೆ ನೋಡಿ.

ಲೆಕ್ಕಕ್ಕೆ ಸುಲಭ ಆಗಲಿ ಅಂತ ಒಂದು ಅಂಕಿ ಹಿಡಿಯೋಣ. ಒಂದು ವಾಲ್ವನ್ನು 10,000 ಸಲ ಆನ್ ಮಾಡಿದರೆ ಒಂದು ಸಲ ಅದು ಕೆಡುತ್ತದೆ ಅಂದುಕೊಳ್ಳಿ. 18,000 ವಾಲ್ವಿನ ಎನಿಯಾಕನ್ನು ಆನ್ ಮಾಡಿದ ಪ್ರತಿ ಸಲವೂ ಹತ್ತಿರ ಹತ್ತಿರ ಎರಡು ವಾಲ್ವ್ ಹೋಗುತ್ತವೆ. ಅಷ್ಟು ದೊಡ್ಡ ಯಂತ್ರದಲ್ಲಿ ಆ ಎರಡನ್ನು ಹುಡುಕುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಅವರು ಆರಿಸಲು ಹೆದರಿದ್ದು ಸಹಜ. ಈಗ ನಿಮ್ಮ ಫಿಲಿಪ್ಸ್ ತೆಗೆದುಕೊಳ್ಳಿ. ಆರು ವಾಲ್ವ್. ಸುಮಾರು 1,670 ಸಲ ಆನ್ ಮಾಡಿದರೆ ಆರರಲ್ಲಿ ಒಂದು ಹೋಗಬಹುದು. ದಿನಕ್ಕೆ ಎರಡು ಸಲ ಹಾಕಿದರೂ ಎರಡು ವರ್ಷ ದಾಟುತ್ತದೆ. ನಾನು ಹಿಡಿದ ಅಂಕಿಯೂ ಬೇಕಂತಲೇ ಕಠಿಣವಾದದ್ದು. ಗಟ್ಟಿಮುಟ್ಟಾದ ಒಳ್ಳೆ ವಾಲ್ವ್ ಇದಕ್ಕಿಂತ ಚೆನ್ನಾಗಿಯೇ ತಡೆಯುತ್ತದೆ.

ಅದೇ ಎರಡು ವರ್ಷ ಚಿಲ್ಲರೆ ಸೆಟ್ಟನ್ನು ಆನ್ ಇಟ್ಟೇ ಬಿಟ್ಟರೆ? ವರ್ಷಕ್ಕೆ 8,760 ಗಂಟೆ. ಎರಡೂಕಾಲು ವರ್ಷಕ್ಕೆ 20,000 ಗಂಟೆಯ ಹತ್ತಿರ. ಮನೆ ರೇಡಿಯೋಗೆ ಮಾಡಿದ ಸಾಮಾನ್ಯ ವಾಲ್ವ್ ಕೆಲವು ಸಾವಿರ ಗಂಟೆಯ ಆಯಸ್ಸಿನದು. ಇ88ಸಿಸಿ ತರಹದ ವಿಶೇಷ ದರ್ಜೆಯ ವಾಲ್ವಿಗೆ 10,000 ಗಂಟೆ ಅಂತ ಕಂಪನಿಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವು. ನಿಮ್ಮ ಇಎಲ್84 ಆ ದರ್ಜೆಯದಲ್ಲ. ಅಂದರೆ ಒಂದು ವಾಲ್ವನ್ನು ಉಳಿಸಲು ಹೋಗಿ ಆರನ್ನೂ ಸವೆಸಿದ ಹಾಗೆ ಆಯಿತು. ದಿನಕ್ಕೆ ಮೂರು ಗಂಟೆ ಕೇಳಿ ಆಫ್ ಮಾಡಿದರೆ ವರ್ಷಕ್ಕೆ 1,100 ಗಂಟೆಯೂ ಆಗುವುದಿಲ್ಲ.

ಟ್ಯಾಟ್-1ರ ವಾಲ್ವ್‌ಗಳ ಮಾತೇ ಬೇರೆ. ಅವನ್ನು ಒಂದೊಂದಾಗಿ ಎಚ್ಚರದಿಂದ ಕಟ್ಟಿ, ತಿಂಗಳುಗಟ್ಟಲೆ ಓಡಿಸಿ ನೋಡಿ, ಒಳ್ಳೆಯದನ್ನು ಮಾತ್ರ ಆರಿಸಿದ್ದರು. ಅವುಗಳಿಂದ ತೆಗೆಯುತ್ತಿದ್ದ ಕೆಲಸವೂ ತೀರಾ ಕಡಿಮೆ. ನಿಮ್ಮ ಇಎಲ್84 ಹಾಗಲ್ಲ. ಸ್ಪೀಕರ್ ಓಡಿಸುವ ವಾಲ್ವ್ ಅದು, ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗಿ ಪೂರ್ತಿ ಶಕ್ತಿಯಲ್ಲಿ ದುಡಿಯುತ್ತದೆ.

ಇನ್ನು ಬಲ್ಬಿನ ಹೋಲಿಕೆ. ಅದು ತಪ್ಪು ದಾರಿಗೆ ಎಳೆಯುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆ ಕಾಲದ ತಂತಿ ಬಲ್ಬಿನ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುತ್ತದೆ. ಆ ಬಿಸಿಯಲ್ಲಿ ಟಂಗ್‌ಸ್ಟನ್ ನಿಧಾನವಾಗಿ ಆವಿಯಾಗುತ್ತದೆ. ಬಲ್ಬಿನ ಒಳಗೆ ಕಪ್ಪು ಕಟ್ಟುವುದು ಅದರಿಂದಲೇ. ತಂತಿ ಒಂದು ಕಡೆ ತೆಳ್ಳಗಾಗುತ್ತದೆ. ಸ್ವಿಚ್ ಹಾಕಿದಾಗ ತಣ್ಣಗಿನ ತಂತಿಗೆ ಒಮ್ಮೆಲೇ ಹತ್ತು ಪಟ್ಟಿನಷ್ಟು ಕರೆಂಟ್ ನುಗ್ಗುತ್ತದೆ, ಆ ತೆಳ್ಳಗಿನ ಜಾಗ ಕಿತ್ತುಹೋಗುತ್ತದೆ. ಕೊಂದದ್ದು ಸ್ವಿಚ್ ಅಂತ ಕಾಣುತ್ತದೆ. ನಿಜಕ್ಕೂ ಕೊಂದದ್ದು ಅದಕ್ಕೂ ಮೊದಲು ಉರಿದ ನೂರಾರು ಗಂಟೆ.

ವಾಲ್ವಿನ ಹೀಟರ್, ಅಂದರೆ ಅದನ್ನು ಒಳಗಿನಿಂದ ಬಿಸಿ ಮಾಡುವ ತಂತಿ, ಅಷ್ಟು ಬಿಸಿಯಾಗುವುದೇ ಇಲ್ಲ. ಅದು ಸಾವಿರ ಡಿಗ್ರಿ ಆಚೀಚೆ. ಆ ಬಿಸಿಯಲ್ಲಿ ಟಂಗ್‌ಸ್ಟನ್ ಆವಿಯಾಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಂತಿ ತೆಳ್ಳಗಾಗುವುದಿಲ್ಲ. ಆನ್ ಮಾಡಿದಾಗ ಇಲ್ಲೂ ಕೆಲವು ಪಟ್ಟು ಜಾಸ್ತಿ ಕರೆಂಟ್ ಹರಿಯುವುದು ನಿಜ. ಕೆಲವು ವಾಲ್ವ್‌ಗಳಲ್ಲಿ ಬುಡದ ಹತ್ತಿರ ತಂತಿ ಒಂದು ಕ್ಷಣ ಫಳ್ಳನೆ ಬೆಳಗುತ್ತದೆ. ನೋಡಿದವರು ಹೆದರುತ್ತಾರೆ. ಹೆದರುವುದು ಬೇಡ, ಹಾಗೆ ಬೆಳಗುತ್ತಲೇ ಹತ್ತಾರು ವರ್ಷ ಬಾಳಿದ ವಾಲ್ವ್‌ಗಳು ಬೇಕಾದಷ್ಟಿವೆ.

ವಾಲ್ವಿನಲ್ಲಿ ಸವೆಯುವುದು ಹೀಟರ್ ಅಲ್ಲ, ಅದನ್ನು ಸುತ್ತುವರಿದ ಕ್ಯಾಥೋಡ್. ನಿಕ್ಕಲ್ ಕೊಳವೆಯ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡಿನ ಬಿಳಿ ಲೇಪ ಇರುತ್ತದೆ. ಬಿಸಿಯಾದಾಗ ಅದರಿಂದಲೇ ಎಲೆಕ್ಟ್ರಾನ್ ಹೊರಡುವುದು. ಬಿಸಿ ಇರುವಷ್ಟು ಹೊತ್ತೂ ಬೇರಿಯಂ ಸ್ವಲ್ಪ ಸ್ವಲ್ಪವೇ ಹಾರಿಹೋಗುತ್ತದೆ. ನೀವು ಹಾಡು ಕೇಳುತ್ತಿದ್ದೀರೋ, ಧ್ವನಿ ಸಣ್ಣ ಮಾಡಿ ತೋಟಕ್ಕೆ ಹೋಗಿದ್ದೀರೋ, ಕ್ಯಾಥೋಡಿಗೆ ವ್ಯತ್ಯಾಸ ಇಲ್ಲ. ಅದಕ್ಕೆ ಗೊತ್ತಿರುವುದು ಬಿಸಿ ಮತ್ತು ಗಂಟೆ, ಎರಡೇ.

ಇದಕ್ಕೆ ಪುರಾವೆ ನಿಮ್ಮ ಸೆಟ್ಟಿನ ಮುಖದಲ್ಲೇ ಇದೆ. ಆ ಹಸಿರು ಕಣ್ಣು, ಇಎಂ80. ಅದು ಹೊಸದರಲ್ಲಿ ಹಗಲು ಬೆಳಕಿನಲ್ಲೂ ಕಾಣುವಷ್ಟು ಹಸಿರಾಗಿರುತ್ತದೆ. ಗಂಟೆ ಕಳೆದಂತೆ ಹೊಳೆಯುವ ಲೇಪ ಮಂಕಾಗುತ್ತದೆ. ಹಳೆ ಸೆಟ್ಟುಗಳಲ್ಲಿ ಉಳಿದ ವಾಲ್ವೆಲ್ಲ ಚೆನ್ನಾಗಿದ್ದು ಕಣ್ಣು ಮಾತ್ರ ಕತ್ತಲಲ್ಲೂ ಸರಿಯಾಗಿ ಕಾಣದ ಹಾಗಾಗಿರುವುದು ತುಂಬಾ ಸಾಮಾನ್ಯ. ನಿಮ್ಮದು ಇನ್ನೂ ಚೆನ್ನಾಗಿ ಬೆಳಗುತ್ತಿದ್ದರೆ ಅಜ್ಜ ಕೇಳಿ ಆದ ಮೇಲೆ ಆಫ್ ಮಾಡುತ್ತಿದ್ದರು ಅಂತಲೇ ಅರ್ಥ.

ಗಂಟೆ ಉಳಿಸಲು ಇನ್ನೊಂದು ಕಾರಣವೂ ಇದೆ. ಬೆಂಗಳೂರಿನ ಬಿಇಎಲ್ ಕಾರ್ಖಾನೆ 1960ರ ದಶಕದಲ್ಲಿ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು. ಆಗ ಅಂಗಡಿಗೆ ಹೋಗಿ ತಂದರೆ ಆಯಿತು. ಈಗ ಹಾಗಿಲ್ಲ. ಇಎಲ್84 ಮಾತ್ರ ಗಿಟಾರ್ ಆಂಪ್ಲಿಫೈಯರ್‌ಗೆ ಬೇಕಾಗುವುದರಿಂದ ಯುರೋಪ್, ರಷ್ಯಾಗಳಲ್ಲಿ ಇನ್ನೂ ಹೊಸದಾಗಿ ತಯಾರಾಗುತ್ತದೆ. ಇಸಿಎಚ್81, ಇಬಿಸಿ81, ಇಎಂ80 ಇವೆಲ್ಲ ಹಳೆ ದಾಸ್ತಾನಿನಲ್ಲಿ ಸಿಕ್ಕಿದ್ದೇ ಭಾಗ್ಯ. ಬೆಂಗಳೂರಿನ ಎಸ್.ಪಿ. ರೋಡ್, ಮುಂಬೈನ ಲ್ಯಾಮಿಂಗ್ಟನ್ ರೋಡ್ ಹಳೆ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಸಿಕ್ಕಾಗ ಒಂದೊಂದು ಜೋಡಿ ತೆಗೆದಿಡಿ.

ಈಗ ನಿಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ನನಗೆ ವಾಲ್ವಿನ ಆಯಸ್ಸಿಗಿಂತ ದೊಡ್ಡ ಚಿಂತೆ ಇದೇ.

ಆನ್ ಇಟ್ಟರೆ ಆನ್ ಇರುತ್ತದೆ ಅನ್ನುವುದು ಕರೆಂಟ್ ಹೋಗದ ಊರಿನ ಮಾತು. ನಿಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ಹೋಯಿತು. ಬಂತು, ಮತ್ತೆ ಹೋಯಿತು. ಅಂದರೆ ನೀವು ಆಫ್ ಮಾಡದಿದ್ದರೂ ನಿಮ್ಮ ಸೆಟ್ ದಿನಕ್ಕೆ ಹಲವು ಸಲ ಆನ್-ಆಫ್ ಆಗುತ್ತಲೇ ಇರುತ್ತದೆ, ಅದೂ ಕೆಟ್ಟ ರೀತಿಯಲ್ಲಿ. ಲೈನ್ ವಾಪಸ್ ಬರುವಾಗ ವೋಲ್ಟೇಜ್ ಹಾರಾಡುತ್ತದೆ. ಆಗ ಸೆಟ್ಟಿನ ಹತ್ತಿರ ಯಾರೂ ಇರುವುದಿಲ್ಲ. ನಿಮ್ಮ ಗೆಳೆಯರು ಯಾವುದನ್ನು ತಪ್ಪಿಸಬೇಕು ಅಂದರೋ ಅದೇ ಆಗುತ್ತದೆ, ಜೊತೆಗೆ ಗಂಟೆಯೂ ಸವೆಯುತ್ತದೆ. ಹಾಗಾಗಿ ಕರೆಂಟ್ ಹೋದ ತಕ್ಷಣ ಸೆಟ್ಟಿನ ಸ್ವಿಚ್ ಆಫ್ ಮಾಡುವ ಅಭ್ಯಾಸ ಇರಲಿ. ಬಂದ ಮೇಲೆ ಐದು ನಿಮಿಷ ತಡೆದು ಹಾಕಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಬೇಡಿ. ಹಳೆ ಟ್ರಾನ್ಸ್‌ಫಾರ್ಮರ್ ಅದರಲ್ಲಿ ಗುಂಯ್ ಅನ್ನುತ್ತದೆ, ಜಾಸ್ತಿ ಬಿಸಿಯಾಗುತ್ತದೆ.

ಸಿಡಿಲಿನದು ಇನ್ನೂ ಗಂಭೀರ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಿಮಗೆ ಹೇಳಿಕೊಡಬೇಕಾಗಿಲ್ಲ. ಆನ್ ಇಟ್ಟ ಸೆಟ್ ಅಂದರೆ ಏರಿಯಲ್ ಸಿಕ್ಕಿಸಿದ ಸೆಟ್. ತೋಟದ ಮೇಲೆ ಎಳೆದ ಉದ್ದ ತಂತಿ ಇದ್ದರೆ ದೂರದಲ್ಲಿ ಬಿದ್ದ ಸಿಡಿಲೂ ಅದರಲ್ಲಿ ವೋಲ್ಟೇಜ್ ಏಳಿಸುತ್ತದೆ. ಮೊದಲು ಸುಡುವುದು ಏರಿಯಲ್ ಕಾಯಿಲ್. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಕೈಯಲ್ಲಿ ಸುತ್ತಬೇಕು. ಕೇಳಿ ಆದ ಮೇಲೆ ಏರಿಯಲ್ ಕಿತ್ತು ಹೊರಗಿನ ಅರ್ತಿಗೆ ಜೋಡಿಸಿ, ಪ್ಲಗ್ಗನ್ನೂ ಸಾಕೆಟ್ಟಿನಿಂದ ತೆಗೆಯಿರಿ. ಗುಡುಗು ಕೇಳಿಸಿದ ಮೇಲೆ ಈ ಕೆಲಸಕ್ಕೆ ಹೋಗಬೇಡಿ, ಅದಕ್ಕಿಂತ ಮೊದಲೇ ಮಾಡಿ.

ವೋಲ್ಟೇಜ್ ಬಗ್ಗೆ ಒಂದು ಲೆಕ್ಕ ಮಾಡಲೇಬೇಕು. ನಿಮ್ಮ ಸೆಟ್ಟಿನ ಹಿಂದೆ ವೋಲ್ಟೇಜ್ ಆಯ್ಕೆ ಮಾಡುವ ಚಿಕ್ಕ ಪ್ಲಗ್ ಅಥವಾ ತಿರುಗಣಿ ಇರುತ್ತದೆ. ಅದು 220ರಲ್ಲಿದ್ದು ರಾತ್ರಿ ಲೋಡ್ ಇಳಿದಾಗ ಮನೆಗೆ 245 ಬಂದರೆ, 6.3 ವೋಲ್ಟ್ ಇರಬೇಕಾದ ಹೀಟರ್ 7 ವೋಲ್ಟಿನಲ್ಲಿ ಉರಿಯುತ್ತದೆ. ಕಂಪನಿಗಳು ಒಪ್ಪುವ ಮಿತಿ ಹತ್ತು ಪರ್ಸೆಂಟ್, ಇದು ಅದನ್ನೂ ದಾಟಿತು. ಇಂಥ ಬಿಸಿಯಲ್ಲಿ ಕ್ಯಾಥೋಡ್ ಸವೆಯುವ ವೇಗ ಬಹಳ ಜಾಸ್ತಿ. ವೋಲ್ಟೇಜ್ ಏರುವುದೇ ನಡುರಾತ್ರಿ, ಅಲ್ವಾ? ರಾತ್ರಿ ಆನ್ ಇಟ್ಟ ಸೆಟ್ ಅತಿ ಹೆಚ್ಚು ಸವೆಯುವುದೂ ಆಗಲೇ. ಪ್ಲಗ್ಗನ್ನು 240 ಅಥವಾ 245ಕ್ಕೆ ಹಾಕಿ. ನಿಮ್ಮ ಮೆಕ್ಯಾನಿಕ್ ಕೈಯಲ್ಲಿ ಇಎಲ್84ರ ನಾಲ್ಕು ಮತ್ತು ಐದನೇ ಪಿನ್ ನಡುವೆ ಎಸಿ ವೋಲ್ಟೇಜ್ ಅಳೆಸಿ. 6ರಿಂದ 6.5ರ ಒಳಗಿದ್ದರೆ ನೆಮ್ಮದಿ. ಆನ್-ಆಫ್ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಈ ಒಂದು ಅಳತೆಯಿಂದ ವಾಲ್ವಿಗೆ ಜಾಸ್ತಿ ಉಪಕಾರ ಆಗುತ್ತದೆ.

ಮನೆಯವರ ಬಿಲ್ಲಿನ ಚಿಂತೆಯೂ ನ್ಯಾಯವಾದದ್ದೇ. ಫಿಲಿಪ್ಸ್ ಸುಮಾರು 50 ವಾಟ್ ಎಳೆಯುತ್ತದೆ, ಎಆರ್88 ಸುಮಾರು 100. ಎರಡನ್ನೂ ಹಗಲು ರಾತ್ರಿ ಓಡಿಸಿದರೆ ತಿಂಗಳಿಗೆ 108 ಯೂನಿಟ್. ಈಗಿನ ಸಾಮಾನ್ಯ ಫ್ರಿಜ್ ಎಳೆಯುವುದಕ್ಕಿಂತಲೂ ಜಾಸ್ತಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬೆಂಕಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಳೆ ರೇಡಿಯೋದಲ್ಲಿ ವಾಲ್ವ್ ಅಪರೂಪಕ್ಕೆ ಕೆಡುತ್ತದೆ, ಕಂಡೆನ್ಸರ್ (ಈಗಿನ ಹೆಸರು ಕೆಪಾಸಿಟರ್) ಖಂಡಿತ ಕೆಡುತ್ತದೆ. ಕಾಗದ, ಮೇಣ ಹಾಕಿ ಸುತ್ತಿದ ಆ ಕಾಲದ ಕಂಡೆನ್ಸರ್ ಇಷ್ಟು ವರ್ಷಗಳಲ್ಲಿ ತೇವ ಕುಡಿದು ಸೋರಲು ಶುರು ಮಾಡಿರುತ್ತದೆ. ಅತಿ ಅಪಾಯದ್ದು ಇಎಲ್84ರ ಗ್ರಿಡ್ಡಿಗೆ, ಅಂದರೆ ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿಗೆ, ಹೋಗುವ ಕಂಡೆನ್ಸರ್. ಸಾಮಾನ್ಯವಾಗಿ 0.01 ಅಥವಾ 0.02 ಮೈಕ್ರೋಫ್ಯಾರಡ್ ಇರುತ್ತದೆ. ಅದು ಸ್ವಲ್ಪ ಸೋರಿದರೂ ಹಿಂದಿನ ವಾಲ್ವಿನ ಪ್ಲೇಟಿನಿಂದ (ಎಲೆಕ್ಟ್ರಾನ್ ಬಂದು ಸೇರುವ ಲೋಹದ ತಗಡು) ಪಾಸಿಟಿವ್ ವೋಲ್ಟೇಜ್ ಗ್ರಿಡ್ಡಿಗೆ ಬರುತ್ತದೆ. ಇಎಲ್84 ಮಿತಿ ಮೀರಿ ಕರೆಂಟ್ ಎಳೆಯುತ್ತದೆ. ಪ್ಲೇಟ್ ಕೆಂಪಗಾಗುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಎಸಿಯನ್ನು ಡಿಸಿ ಮಾಡುವ ಇಝಡ್80 ಹೋಗುತ್ತದೆ, ಕೊನೆಗೆ ಮೇನ್ಸ್ ಟ್ರಾನ್ಸ್‌ಫಾರ್ಮರಿಗೂ ಬರುತ್ತದೆ. ಕೇಳುವಾಗ ಇದು ತಿಳಿಯುವುದೇ ಕಷ್ಟ, ಧ್ವನಿ ಸ್ವಲ್ಪ ಒಡೆದ ಹಾಗೆ ಇರುತ್ತದೆ ಅಷ್ಟೇ. ತಣ್ಣಗಿದ್ದಾಗ ಸರಿ ಇದ್ದು, ಎರಡು ಮೂರು ಗಂಟೆ ಬಿಸಿಯಾದ ಮೇಲೆ ಸೋರಲು ಶುರು ಮಾಡುವ ಕಂಡೆನ್ಸರ್‌ಗಳೂ ಇವೆ. ನೀವು ಕೂತು ಕೇಳುತ್ತಿದ್ದರೆ ವಾಸನೆ ಬರುತ್ತದೆ, ಕಿತ್ತು ಹಾಕುತ್ತೀರಿ. ಯಾರೂ ಇಲ್ಲದಿದ್ದರೆ?

ಅದು ಮರದ ಪೆಟ್ಟಿಗೆ. ಹಿಂದೆ ರಟ್ಟಿನ ಹಲಗೆ. ಒಳಗೆ ಒಣಗಿ ಬಿರುಕುಬಿಟ್ಟ ರಬ್ಬರ್ ವೈರು. ಎಷ್ಟೋ ಹಳೆ ಸೆಟ್ಟುಗಳಲ್ಲಿ ಸರಿಯಾದ ಫ್ಯೂಸೂ ಇರುವುದಿಲ್ಲ. ಇಂಥದ್ದನ್ನು ಮನೆಯವರೆಲ್ಲ ಮಲಗಿರುವಾಗ ಉರಿಯಲು ಬಿಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ರಿಪೇರಿ ಮಾಡಿಸಿದ್ದೇನೆ ಅಂದಿದ್ದೀರಿ. ಮೆಕ್ಯಾನಿಕ್ ಹತ್ತಿರ ಎರಡು ಪ್ರಶ್ನೆ ಕೇಳಿ. ಗ್ರಿಡ್ ಕಂಡೆನ್ಸರ್ ಹೊಸದು ಹಾಕಿದ್ದಾರಾ? ಮೇನ್ಸಿಗೆ ಅಡ್ಡಲಾಗಿ ಕಂಡೆನ್ಸರ್ ಇದ್ದರೆ ಅದನ್ನು ತೆಗೆದು ಮೇನ್ಸಿಗೆಂದೇ ಮಾಡಿದ ಎಕ್ಸ್2 ಗುರುತಿನದು ಹಾಕಿದ್ದಾರಾ? ಸೆಟ್ ಓಡುತ್ತಿದೆ ಅನ್ನುವುದು ಇವೆರಡಕ್ಕೂ ಉತ್ತರ ಅಲ್ಲ.

ಮಳೆಗಾಲದ ಬೆಚ್ಚಗಿನ ವಾದದಲ್ಲಿ ಸತ್ಯ ಇದೆ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೇ ಬೂಸ್ಟು ಬರುತ್ತದೆ. ಒಳಗಿನ ಐಎಫ್ (ಮಧ್ಯಂತರ ಫ್ರೀಕ್ವೆನ್ಸಿ) ಕಾಯಿಲ್, ಸ್ಪೀಕರಿನ ಕಾಗದ, ಟ್ರಾನ್ಸ್‌ಫಾರ್ಮರಿನ ಸುತ್ತು ಎಲ್ಲವೂ ತೇವ ಹೀರುತ್ತವೆ. ಸಣ್ಣ ತಂತಿಯ ಸುತ್ತುಗಳಲ್ಲಿ ಹಸಿರು ತುಕ್ಕು ಹತ್ತಿದರೆ ಆ ಕಾಯಿಲ್ ಮುಗಿಯಿತು. ಸೆಟ್ಟಿನ ಸ್ವಂತ ಬಿಸಿ ಈ ತೇವವನ್ನು ಓಡಿಸುತ್ತದೆ. ಆದರೆ ಅದಕ್ಕೆ 24 ಗಂಟೆ ಬೇಕಾಗಿಲ್ಲ. ನೀವು ದಿನಾ ಬೆಳಗ್ಗೆ, ಸಂಜೆ ಕೇಳುವುದೇ ಸಾಕು. ದಿನಾ ಕೇಳದ ಎಆರ್88ಗೆ ವಾರಕ್ಕೆ ಎರಡು ಸಲ, ಒಂದೆರಡು ಗಂಟೆ ಓಡಿಸಿ. ಊರಿಗೆ ಹೋಗುವುದಿದ್ದು ಹದಿನೈದು ದಿನ ಓಡಿಸಲು ಆಗದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಟ್ಟಿಡಿ. ಮನೆಯಲ್ಲಿ ಜನ ಇರುವಾಗ ಕಪಾಟಿನ ಕೆಳ ಅರೆಯಲ್ಲಿ 15 ವಾಟಿನ ಹಳೆ ತರಹದ ಜೀರೋ ಬಲ್ಬ್ ಉರಿಸಿದರೂ ಆಗುತ್ತದೆ. ಮರಕ್ಕೆ, ಬಟ್ಟೆಗೆ ತಾಗದ ಹಾಗೆ ಇರಲಿ. ಅದಕ್ಕೆ ದಿನಕ್ಕೆ ಮೂರನೇ ಒಂದು ಯೂನಿಟ್ ಸಾಕು, ವಾಲ್ವೂ ಸವೆಯುವುದಿಲ್ಲ. ಎಲ್ಇಡಿ ಜೀರೋ ಬಲ್ಬಿನಿಂದ ಪ್ರಯೋಜನ ಇಲ್ಲ, ಅದು ಬಿಸಿಯಾಗುವುದೇ ಇಲ್ಲ.

ಆಫ್ ಮಾಡಿ ಅಂದರೆ ವರ್ಷಗಟ್ಟಲೆ ಮೂಲೆಗೆ ಹಾಕಿ ಅಂತಲ್ಲ. ಎಲೆಕ್ಟ್ರೋಲಿಟಿಕ್ ಕಂಡೆನ್ಸರ್‌ಗಳಿಗೆ ಆಗಾಗ ವೋಲ್ಟೇಜ್ ಸಿಗುತ್ತಿರಬೇಕು. ಸಿಗದಿದ್ದರೆ ಒಳಗಿನ ಆಕ್ಸೈಡ್ ಪದರ ಹಾಳಾಗುತ್ತದೆ, ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟಾಗ ಸಿಡಿಯುತ್ತವೆ. ತಿಂಗಳಿಗೆ ಒಂದು ಸಲವಾದರೂ ಓಡಿಸಿ.

ಈಗ ಎಆರ್88. ನಿಮ್ಮ ಗೆಳೆಯರ ವಾದಕ್ಕೆ ಇಲ್ಲಿ ಸ್ವಲ್ಪ ಬಲ ಜಾಸ್ತಿ, ಆದರೆ ಕಾರಣ ಬೇರೆ. ಆರ್‌ಸಿಎ ಕಂಪನಿಯ ಈ 14 ವಾಲ್ವಿನ ರಿಸೀವರ್ ಮೀಡಿಯಂ ವೇವ್‌ನಿಂದ 32 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ. ಆನ್ ಮಾಡಿದ ಮೇಲೆ ಆಸಿಲೇಟರಿನ (ಸ್ಟೇಷನ್ ಹಿಡಿಯಲು ಬೇಕಾದ ಅಲೆಯನ್ನು ಸೆಟ್ಟಿನೊಳಗೇ ಹುಟ್ಟಿಸುವ ಭಾಗ) ಕಾಯಿಲ್, ಕಂಡೆನ್ಸರ್, ವಾಲ್ವ್ ಎಲ್ಲ ಬಿಸಿಯಾಗುತ್ತಾ ಹೋದಂತೆ ಫ್ರೀಕ್ವೆನ್ಸಿ ಜಾರುತ್ತದೆ. ಆಕಾಶವಾಣಿ ಕೇಳುವಾಗ ಇದು ಗೊತ್ತೇ ಆಗುವುದಿಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ಗಳು ಸಿಂಗಲ್ ಸೈಡ್‌ಬ್ಯಾಂಡ್ ಅನ್ನುವ ಪ್ರಸಾರ ವಿಧಾನದಲ್ಲಿ ಆಡುವ ಮಾತು ಕೇಳುವಾಗ ಗೊತ್ತಾಗುತ್ತದೆ. ನೂರು ಹರ್ಟ್ಸ್ ಜಾರಿದರೂ ಧ್ವನಿ ಬದಲಾಗುತ್ತದೆ, ಇನ್ನಷ್ಟು ಜಾರಿದರೆ ಮಾತು ಅರ್ಥವಾಗುವುದಿಲ್ಲ. ಮೊದಲ ಅರ್ಧ ಗಂಟೆ ಡಯಲ್ ಹಿಡಿದೇ ಕೂರಬೇಕು.

ಈ ತೊಂದರೆಗೆ ಕಂಪನಿಗಳೇ ಒಂದು ಉಪಾಯ ಮಾಡಿದ್ದವು. ಹ್ಯಾಮರ್ಲಂಡ್ ಕಂಪನಿಯ ಎಚ್‌ಕ್ಯೂ-180ಎ ರಿಸೀವರಿನಲ್ಲಿ ಆಸಿಲೇಟರ್, ಮಿಕ್ಸರ್ ವಾಲ್ವಿನ ಹೀಟರಿಗೆ ಮಾತ್ರ ಬೇರೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಇತ್ತು. ಸೆಟ್ ಆಫ್ ಇದ್ದರೂ ಅವು ಬೆಚ್ಚಗಿರುತ್ತಿದ್ದವು. ನನ್ನ ಸಲಹೆ ಅದಕ್ಕಿಂತ ಸರಳ. ಸಂಜೆ ಕೇಳುವುದಿದ್ದರೆ ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲೇ ಆನ್ ಮಾಡಿ. ನೀವು ಅಲ್ಲೇ ಆಸುಪಾಸಿನಲ್ಲಿ ಇರಿ. ಕೇಳುವ ಹೊತ್ತಿಗೆ ಫ್ರೀಕ್ವೆನ್ಸಿ ಜಾರುವುದು ನಿಂತಿರುತ್ತದೆ. ದಿನಕ್ಕೆ ಒಂದು ಗಂಟೆ ಜಾಸ್ತಿ ಓಡಿದರೆ ವಾಲ್ವಿಗೆ ಅದು ಲೆಕ್ಕಕ್ಕೇ ಇಲ್ಲ.

ಸ್ಟ್ಯಾಂಡ್‌ಬೈ ಸ್ವಿಚ್ ಬಗ್ಗೆಯೂ ಒಂದು ಮಾತು. ಹೀಟರ್ ಆನ್ ಇಟ್ಟು ಎಚ್.ಟಿ. (ವಾಲ್ವಿನ ಪ್ಲೇಟಿಗೆ ಹೋಗುವ ಹೈ ವೋಲ್ಟೇಜ್) ಮಾತ್ರ ಕಡಿದರೆ ವಾಲ್ವಿಗೆ ವಿಶ್ರಾಂತಿ ಸಿಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಕ್ಯಾಥೋಡ್ ಬಿಸಿಯಾಗಿಯೇ ಇರುವುದರಿಂದ ಬೇರಿಯಂ ಹಾರುವುದು ನಿಲ್ಲುವುದಿಲ್ಲ. ಮೇಲಾಗಿ ಕರೆಂಟ್ ಹರಿಯದೆ ಬರೀ ಬಿಸಿಯಾಗಿ ಬಹಳ ಕಾಲ ಇದ್ದರೆ ನಿಕ್ಕಲ್ಲಿಗೂ ಲೇಪಕ್ಕೂ ನಡುವೆ ಕರೆಂಟಿಗೆ ಅಡ್ಡಿಯಾಗುವ ಪದರ ಬೆಳೆಯುತ್ತದೆ. ನಿಕ್ಕಲ್ಲಿನಲ್ಲಿ ಸೇರಿರುವ ಸಿಲಿಕಾನ್ ಇದಕ್ಕೆ ಕಾರಣ. ಹಳೆ ಕಂಪ್ಯೂಟರ್‌ಗಳಲ್ಲಿ ಈ ಕಾಟ ಎಷ್ಟಿತ್ತೆಂದರೆ, ಅಮೆರಿಕದ ಎಂಐಟಿಯಲ್ಲಿ ವರ್ಲ್‌ವಿಂಡ್ ಕಂಪ್ಯೂಟರ್ ಕಟ್ಟಿದವರು ಸಿಲಿಕಾನ್ ಇಲ್ಲದ ನಿಕ್ಕಲ್ಲಿನ ವಾಲ್ವ್‌ಗಳನ್ನೇ ಮಾಡಿಸಬೇಕಾಯಿತು. ನೀವು ಅರ್ಧ ಗಂಟೆ ಊಟಕ್ಕೆ ಎದ್ದಾಗ ಸ್ಟ್ಯಾಂಡ್‌ಬೈಗೆ ಹಾಕಿದರೆ ಏನೂ ಆಗುವುದಿಲ್ಲ. ರಾತ್ರಿ ಪೂರ್ತಿ ಇಡಲು ಮಾಡಿದ ಸ್ವಿಚ್ ಅದಲ್ಲ.

ಆನ್ ಮಾಡುವ ಆ ಒಂದು ಕ್ಷಣದ ಹೊಡೆತ ನಿಮಗೆ ಇನ್ನೂ ಚಿಂತೆಯಾಗಿದ್ದರೆ ಅದನ್ನು ಕಡಿಮೆ ಮಾಡಬಹುದು. ಟ್ರಾನ್ಸ್‌ಫಾರ್ಮರಿಗೆ ಹೋಗುವ ಮೇನ್ಸ್ ವೈರಿನಲ್ಲಿ ಸರಿಯಾದ ಅಳತೆಯ ಎನ್‌ಟಿಸಿ ಥರ್ಮಿಸ್ಟರ್ ಸೇರಿಸಿದರೆ ಸಾಕು. ತಣ್ಣಗಿದ್ದಾಗ ಅದು ಕರೆಂಟನ್ನು ತಡೆಯುತ್ತದೆ, ಬಿಸಿಯಾದಂತೆ ದಾರಿ ಬಿಡುತ್ತದೆ. ಕೆಲವು ವೋಲ್ಟನ್ನು ತಾನೇ ನುಂಗುವುದರಿಂದ ನಿಮ್ಮಂಥ ಹೈ ವೋಲ್ಟೇಜ್ ಊರಿಗೆ ಅದೂ ಲಾಭವೇ. ಅದು ಓಡುವಾಗ ತುಂಬಾ ಬಿಸಿಯಾಗುತ್ತದೆ. ವೈರಿಗೆ, ಮರಕ್ಕೆ ತಾಗಿಸಿ ಕೂರಿಸಬೇಡಿ.

ನಿಮ್ಮ ಫಿಲಿಪ್ಸಿನಲ್ಲಿ ಟ್ರಾನ್ಸ್‌ಫಾರ್ಮರ್ ಇದೆ, ವಾಲ್ವ್ ಹೆಸರು ಇ ಅಕ್ಷರದಿಂದ ಶುರುವಾಗುವುದರಿಂದ ಅದು ಗೊತ್ತಾಯಿತು. ಇದನ್ನು ಓದುವ ಬೇರೆಯವರ ಹತ್ತಿರ ಯುಸಿಎಚ್42, ಯುಎಲ್41, ಯುವೈ41 ತರಹದ ಯು ವಾಲ್ವಿನ ಎಸಿ/ಡಿಸಿ ಸೆಟ್ ಇರಬಹುದು. ಅದರಲ್ಲಿ ಹೀಟರ್‌ಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುತ್ತವೆ. ಆನ್ ಮಾಡಿದಾಗ ಬೇಗ ಬಿಸಿಯಾಗುವ ವಾಲ್ವ್ ತನ್ನ ಪಾಲಿಗಿಂತ ಜಾಸ್ತಿ ವೋಲ್ಟೇಜ್ ತಿನ್ನುತ್ತದೆ. ಹಾಗಾಗಿ ಅಂಥ ಸೆಟ್ಟಿಗೆ ಥರ್ಮಿಸ್ಟರ್ ನಿಜಕ್ಕೂ ಬೇಕು. ಅದರ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಮೇನ್ಸ್ ನೇರವಾಗಿ ಸೇರಿರುತ್ತದೆ, ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಆನ್ ಇಟ್ಟು ಎದ್ದು ಹೋಗುವ ಮಾತೇ ಬೇಡ. ಡಿಕೆ96 ತರಹದ ಬ್ಯಾಟರಿ ವಾಲ್ವಿನ ಸೆಟ್ಟಾದರೆ ಯೋಚನೆಯೇ ಬೇಕಾಗಿಲ್ಲ. ಅದು ಆನ್ ಮಾಡಿದ ಕೂಡಲೇ ಮಾತಾಡುತ್ತದೆ, ಕೇಳಿ ಆದ ಮೇಲೆ ಆಫ್.

ಹ್ಯಾಮ್ ಲೈಸೆನ್ಸ್ ತೆಗೆದುಕೊಂಡು ಮುಂದೆ 807 ಅಥವಾ 6146 ವಾಲ್ವ್ ಹಾಕಿದ ಟ್ರಾನ್ಸ್‌ಮಿಟರ್ ಕಟ್ಟಿದರೆ ನಿಯಮ ಇನ್ನೂ ಬಿಗಿ. ಮಾತಿನ ಸರದಿಗಳ ನಡುವೆ ಹೀಟರ್ ಆನ್ ಇರಲಿ, ಎದ್ದು ಹೋಗುವಾಗ ಎಲ್ಲವೂ ಆಫ್. ಎಸಿಯನ್ನು ಡಿಸಿ ಮಾಡುವ ಪಾದರಸದ 866 ರೆಕ್ಟಿಫೈಯರ್ ವಾಲ್ವ್ ಇದ್ದರೆ ಮೊದಲು ಅದರ ಫಿಲಮೆಂಟ್ ಕನಿಷ್ಠ ಅರ್ಧ ನಿಮಿಷ ಬಿಸಿಯಾಗಬೇಕು, ಎಚ್.ಟಿ. ಆಮೇಲೆ. ಬಸ್ಸಿನಲ್ಲಿ ತಂದ ವಾಲ್ವಾದರೆ ಒಳಗಿನ ಪಾದರಸ ಚೆಲ್ಲಾಡಿರುತ್ತದೆ. ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆ ಫಿಲಮೆಂಟ್ ಮಾತ್ರ ಉರಿಸಿ. ಎಫ್‌ಟಿ-101, ಟಿಎಸ್-520 ತರಹದ ಅರ್ಧ ವಾಲ್ವ್, ಅರ್ಧ ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಹೀಟರಿಗೆ ಬೇರೆ ಸ್ವಿಚ್ ಕೊಟ್ಟಿದ್ದಾರೆ. ಬರೀ ಕೇಳುವಾಗ ಅದನ್ನು ಆಫ್ ಮಾಡಿದರೆ ಔಟ್‌ಪುಟ್ ವಾಲ್ವ್ ಸುಮ್ನೆ ಉರಿಯುವುದು ತಪ್ಪುತ್ತದೆ.

ನಿಮ್ಮ ಮಟ್ಟಿಗೆ ಈ ವಾರ ಮಾಡಬೇಕಾದ ಕೆಲಸ ಒಂದೇ. ಮೆಕ್ಯಾನಿಕನ್ನು ಕರೆದು ಫಿಲಿಪ್ಸ್ ಸೆಟ್ಟನ್ನು ಎರಡು ಗಂಟೆ ಓಡಿಸಿ, ಆಮೇಲೆ ಇಎಲ್84ರ ಎರಡನೇ ಪಿನ್ನಿನಲ್ಲಿ ಡಿಸಿ ವೋಲ್ಟೇಜ್ ಅಳೆಸಿ. ಅದೇ ಗ್ರಿಡ್. ಒಳಗೆ 250 ವೋಲ್ಟಿನಷ್ಟು ಎಚ್.ಟಿ. ಇರುವುದರಿಂದ ನೀವೇ ಕೈ ಹಾಕಬೇಡಿ. ಡಿಜಿಟಲ್ ಮೀಟರಿನಲ್ಲಿ ಸೊನ್ನೆ ಅಥವಾ ಸ್ವಲ್ಪ ಮೈನಸ್ ತೋರಿಸಿದರೆ ಸರಿ ಇದೆ. ಅರ್ಧ ವೋಲ್ಟ್ ಪ್ಲಸ್ ತೋರಿಸಿದರೂ ಆ ಕಂಡೆನ್ಸರ್ ಬದಲಾಯಿಸಿ. 400 ಅಥವಾ 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಕೆಲವೇ ರೂಪಾಯಿಗೆ ಸಿಗುತ್ತದೆ. ಹೊಸದು ಹಾಕಿದ ಮೇಲೂ ಪ್ಲಸ್ ಹೋಗದಿದ್ದರೆ ಕೆಟ್ಟಿರುವುದು ಇಎಲ್84. ಎರಡರಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ಸೆಟ್ಟನ್ನು ಐದು ನಿಮಿಷಕ್ಕೂ ಹಾಕಬೇಡಿ.